ಪೀಣ್ಯದ ಷೆಡ್ಡಿನಿಂದ ನಕ್ಷತ್ರಲೋಕಕ್ಕೆ

ಪೀಣ್ಯದ ಕೈಗಾರಿಕಾ ಬಡಾವಣೆಯನ್ನು ಹಾದುಹೋಗುವಾಗಲೆಲ್ಲ ನನಗೆ ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಪ್ರೊ. ಯು. ಆರ್. ರಾವ್ (1932–2017) ಅವರ ನೆನಪಾಗುತ್ತದೆ. ವಿಶ್ವಕಿರಣಗಳ ಬೆನ್ನುಹತ್ತಿ ಅಹಮದಾಬಾದು, ಅಮೆರಿಕಗಳಲ್ಲಿ ದುಡಿದ ಈ ವಿಜ್ಞಾನಿ, ಇಲ್ಲಿಯ ಷೆಡ್ಡುಗಳಲ್ಲಿ ತರುಣರನ್ನು ಕೂಡಿಸಿಕೊಂಡು 360 ಕಿಲೋಗ್ರಾಂ ತೂಕದ ‘ಆರ್ಯಭಟ’ವನ್ನು ಕಟ್ಟಿದರು. 1975ರ ಏಪ್ರಿಲ್ 19ರಂದು ಅದು ಸೋವಿಯತ್ ನೆಲದಿಂದ ಮೇಲೇರಿತು. ಆಕಾಶದ ಕ್ಷ-ಕಿರಣಗಳನ್ನು ಅಳೆಯುವುದು ಅದರ ಉದ್ದೇಶಗಳಲ್ಲೊಂದು. ಆದರೆ ಕೆಲವೇ ದಿನಗಳಲ್ಲಿ ವಿದ್ಯುತ್ತಿನ ದೋಷದಿಂದ ಪ್ರಯೋಗಗಳು ನಿಂತುವು; ಉಪಗ್ರಹವನ್ನು ಮಾತ್ರ ಭೂಮಿಯ ಆಕರ್ಷಣೆ 1992ರವರೆಗೆ ಕಕ್ಷೆಯಲ್ಲಿ ಹಿಡಿದಿಟ್ಟಿತ್ತು.

ಇದನ್ನು ಸೋಲೆನ್ನೋಣವೆ? ತರಗತಿಯಲ್ಲಿ ಮಕ್ಕಳು ಕೇಳುವ ಈ ಪ್ರಶ್ನೆಗೆ ನಾನು ಕೊಡುವ ಉತ್ತರ ಇಷ್ಟೆ: ಅಂದು ಅರ್ಧಕ್ಕೆ ನಿಂತ ಕೆಲಸವನ್ನು 2015ರ ಸೆಪ್ಟೆಂಬರಿನಲ್ಲಿ ‘ಆಸ್ಟ್ರೊಸ್ಯಾಟ್’ ಕೈಗೆತ್ತಿಕೊಂಡಿತು. ಅದನ್ನು ಕಾಣಲು ರಾಯರು ಇದ್ದರು.