ಎಳೆಮಕ್ಕಳ ಜೊಲ್ಲು: ಸಹಜಸ್ಥಿತಿ ಮತ್ತು ವಿಕಾರ

ಬಾಯಿಯ ನೀರಿಗೆ ಕನ್ನಡದಲ್ಲಿ ಹಲವು ಹೆಸರುಗಳುಂಟು. ಬೇಕೆಂದು ಹೊರಹಾಕಿದುದು ಉಗುಳು; ಬಾಯಿ ಸೋಂಕಿ ಮೈಲಿಗೆಯೆನಿಸಿದುದು ಎಂಜಲು; ತಾನಾಗಿ ಹರಿದು ಗದ್ದವನ್ನು ತೊಯ್ಸುವುದು ಜೊಲ್ಲು. ನಮ್ಮ ಜನರ ನುಡಿಯಲ್ಲಿರುವ ಈ ವಿವೇಚನೆ ಶರೀರಶಾಸ್ತ್ರಕ್ಕೂ ಒಪ್ಪುವಂಥದು. ಜೊಲ್ಲು ಸುರಿಯುವ ಮಗುವಿನ ವಿಷಯದಲ್ಲಿ ಮೊದಲು ಕೇಳಬೇಕಾದ ಪ್ರಶ್ನೆ, ದ್ರವವು ಎಷ್ಟು ಉತ್ಪತ್ತಿಯಾಯಿತು ಎಂಬುದಲ್ಲ. ಉತ್ಪತ್ತಿಯಾದುದು ಗಂಟಲಿಗೆ ಇಳಿಯದೆ ತುಟಿಯನ್ನು ದಾಟಿ ಏಕೆ ಹೊರಬಂದಿತು ಎಂಬುದು. ಪ್ರಕೃತ ಲೇಖನದಲ್ಲಿ ಈ ಪ್ರಶ್ನೆಯನ್ನು ಮುದಗಲ್ಲು, ಲಿಂಗಸುಗೂರು, ಮಸ್ಕಿ, ಸಿಂಧನೂರು ಭಾಗಗಳ ಜೀವನವನ್ನು ದೃಷ್ಟಿಯಲ್ಲಿಟ್ಟುಕೊಂಡು ವಿವರಿಸಲು ಯತ್ನಿಸಿದ್ದೇವೆ.

ಲಾಲಾರಸವನ್ನು ಸ್ರವಿಸುವ ದೊಡ್ಡ ಗ್ರಂಥಿಗಳು ಮೂರು ಜೊತೆ. ಒಂದು ಜೊತೆ ಕಿವಿಗಳ ಮುಂದೆ, ಇನ್ನೊಂದು ಕೆಳದವಡೆಯ ಅಡಿಯಲ್ಲಿ, ಮತ್ತೊಂದು ನಾಲಗೆಯ ಅಡಿಯಲ್ಲಿ ಇವೆ. ಆಹಾರ ಬಾಯಲ್ಲಿಲ್ಲದ ವೇಳೆಯಲ್ಲಿ ಒಸರುವ ರಸದ ಬಹುಪಾಲು ದವಡೆಯ ಅಡಿಯ ಗ್ರಂಥಿಗಳದು. ಅಗಿಯುವಾಗ ಕಿವಿಯ ಬಳಿಯವುಗಳ ಪಾಲು ಹೆಚ್ಚುತ್ತದೆ. ಬೆಳೆದ ಮನುಷ್ಯನಲ್ಲಿ ದಿನವೊಂದಕ್ಕೆ ಸುಮಾರು ಅರ್ಧದಿಂದ ಒಂದೂವರೆ ಲೀಟರಿನವರೆಗೆ ಈ ರಸ ಹುಟ್ಟುತ್ತದೆ. ಆದರೂ ನಮಗೆ ಅದರ ಅರಿವೇ ಆಗದು. ತುಟಿ ಮುಚ್ಚಿರುವುದು, ನಾಲಗೆ ರಸವನ್ನು ಹಿಂದಕ್ಕೆ ತಳ್ಳುವುದು, ಗಂಟಲು ಅದನ್ನು ನುಂಗುವುದು, ಈ ಮೂರೂ ಎಡೆಬಿಡದೆ ತಾವಾಗಿ ನಡೆಯುತ್ತಿರುವುದೇ ಇದಕ್ಕೆ ಕಾರಣ.

ಎಳೆಯ ಮಗುವಿಗೆ ಈ ಹೊಂದಾಣಿಕೆ ಹುಟ್ಟಿನಿಂದ ಬಂದುದಲ್ಲ. ಮೂರನೆಯ ತಿಂಗಳ ಹೊತ್ತಿಗೆ ಲಾಲಾರಸ ಹೆಚ್ಚುತ್ತದೆ. ತುಟಿಯ ಬಿಗಿಯೂ ನಾಲಗೆಯ ಹಿಡಿತವೂ ನಿಧಾನವಾಗಿ ಬರುತ್ತವೆ. ಈ ಅಂತರದಲ್ಲಿ ಜೊಲ್ಲು ಸುರಿಯುತ್ತದೆ. ಬಹುಪಾಲು ಮಕ್ಕಳಲ್ಲಿ ಹದಿನೆಂಟರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇದು ನಿಲ್ಲುತ್ತದೆ. ನಾಲ್ಕು ವರ್ಷ ತುಂಬಿದ ಮೇಲೂ ಎಚ್ಚರದಲ್ಲಿರುವಾಗ ಜೊಲ್ಲು ಸುರಿಯುತ್ತಿದ್ದರೆ ಅದನ್ನು ಸಹಜವೆನ್ನಲಾಗದು.

ಮೊದಲ ಹಲ್ಲು ಸಾಮಾನ್ಯವಾಗಿ ಆರನೆಯ ತಿಂಗಳ ಆಚೀಚೆ ಮೂಡುವುದರಿಂದ ಜೊಲ್ಲಿಗೂ ಹಲ್ಲಿಗೂ ನಂಟನ್ನು ಕಲ್ಪಿಸುವುದು ಬಹಳ ಹಿಂದಿನಿಂದ ಬಂದಿದೆ. ವಾಗ್ಭಟನು ಅಷ್ಟಾಂಗಹೃದಯದಲ್ಲಿ ಹಲ್ಲು ಮೂಡುವುದನ್ನು ಶಿಶುವಿನ ಸಕಲ ರೋಗಗಳಿಗೂ ಕಾರಣವೆಂದು ಎಣಿಸಿದ್ದಾನೆ; ಆದರೆ ಹಲ್ಲು ಬಂದ ಮೇಲೆ ಆ ಬಾಧೆಗಳು ತಾವೇ ಶಮನವಾಗುವುದರಿಂದ ಮಗುವನ್ನು ಅತಿಯಾಗಿ ಕಟ್ಟುಪಾಡಿಗೆ ಒಳಪಡಿಸಬಾರದೆಂದೂ ಸೇರಿಸಿದ್ದಾನೆ. ಅವನ ಎಣಿಕೆಯ ಮೊದಲ ಭಾಗವನ್ನು ಇಂದಿನ ವೈದ್ಯರು ಒಪ್ಪಲಾರರು. ವಸಡಿನ ನವೆಯಿಂದ ಜೊಲ್ಲು ತುಸು ಹೆಚ್ಚಬಹುದು; ತೀವ್ರ ಜ್ವರವಾಗಲಿ ಭೇದಿಯಾಗಲಿ ಕಂಡರೆ ಹಲ್ಲಿನ ಮೇಲೆ ಹೊರಿಸಿ ಸುಮ್ಮನಿರುವುದು ಅಪಾಯ. ಎರಡನೆಯ ಭಾಗದ ವಿವೇಕವಾದರೋ ಇಂದಿಗೂ ಸಲ್ಲುತ್ತದೆ. ಸಹಜವಾದ ಜೊಲ್ಲಿಗೆ ಔಷಧ ಬೇಡ. ಗದ್ದ, ಕತ್ತುಗಳನ್ನು ಮೆತ್ತಗಿನ ಅರಿವೆಯಿಂದ ಉಜ್ಜದೆ ಒತ್ತಿ ಒರೆಸಿ, ಎದೆಯ ಮೇಲಿನ ಬಟ್ಟೆಯನ್ನು ಒದ್ದೆಯಾದಾಗಲೆಲ್ಲ ಬದಲಿಸಿದರೆ ಸಾಕು.

ನಮ್ಮ ಕಡೆ ಮಾತು ಬೇಗ ಬರಲೆಂದು ಬಜೆಯನ್ನು ತೇಯ್ದು ಮಗುವಿನ ನಾಲಗೆಗೆ ಸವರುವ ರೂಢಿಯುಂಟು. ಬಜೆಯ ಬೇರಿನಲ್ಲಿ ಬೀಟಾ-ಅಸರೋನ್ ಎಂಬ ವಿಷಗುಣದ ದ್ರವ್ಯವಿದೆ. ಎಳೆಯ ಮಗುವಿಗೆ ವಾಂತಿ ಬರಿಸಬಲ್ಲ ಈ ವಸ್ತುವಿನಿಂದ ಜೊಲ್ಲು ನಿಲ್ಲುವುದೆಂದು ನಂಬಲು ಆಧಾರವಿಲ್ಲ.

ಬಹುಕಾಲ ನಿಲ್ಲದ ಜೊಲ್ಲಿಗೆ ಕಾರಣಗಳು ಬೇರೆ. ಮೂಗಿನ ಹಿಂದಿನ ಅಡಿನಾಯ್ಡುಗಳು ಊದಿಕೊಂಡರೆ ಮಗು ಬಾಯಿಂದ ಉಸಿರಾಡುತ್ತದೆ. ತೆರೆದ ಬಾಯಿಂದ ರಸ ಹೊರಗೆ ಹರಿಯುತ್ತದೆ. ಮೆದುಳಿನ ಪಾರ್ಶ್ವವಾಯುವಿಗೆ ತುತ್ತಾದ ಮಕ್ಕಳಲ್ಲಿ ತುಟಿ, ನಾಲಗೆ, ಗಂಟಲುಗಳ ಸ್ನಾಯುಗಳಿಗೆ ಒಡಂಬಡಿಕೆ ಸಾಲದು. ಇಂಥ ಮಕ್ಕಳಲ್ಲಿ ರಸೋತ್ಪತ್ತಿ ಸಾಮಾನ್ಯವಾಗಿ ಅಧಿಕವಾಗಿರುವುದಿಲ್ಲ. ನುಂಗುವ ಕ್ರಿಯೆಯೇ ಕುಂಟುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ: ಜೊಲ್ಲು ಬುದ್ಧಿಯ ಅಳತೆಗೋಲಲ್ಲ. ತುಟಿ ಮುಚ್ಚಲಾರದ ಮಗುವನ್ನು ದಡ್ಡನೆಂದು ತಿಳಿದು ಅಂಗನವಾಡಿಯಿಂದಲೂ ಓರಗೆಯವರಿಂದಲೂ ದೂರವಿರಿಸಿದರೆ, ಸ್ನಾಯುವಿನ ಕೊರತೆಗೆ ಶಿಕ್ಷಣದ ಕೊರತೆಯನ್ನೂ ನಾವೇ ಸೇರಿಸಿದಂತಾಗುತ್ತದೆ. ತಲೆ ಬಾಗದಂತೆ ಆಸರೆ ಕೊಟ್ಟು ಕೂರಿಸುವುದು, ತುಟಿ ಮುಚ್ಚುವ ಹಾಗೂ ನುಂಗುವ ಅಭ್ಯಾಸಗಳು, ಅವುಗಳಿಂದ ಸಾಲದಾದರೆ ರಸವನ್ನು ತಗ್ಗಿಸುವ ಗ್ಲೈಕೊಪೈರೊಲೇಟ್ ಮೊದಲಾದ ಔಷಧಗಳು, ಹೀಗೆ ಚಿಕಿತ್ಸೆಗೆ ಮೆಟ್ಟಿಲುಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಅಂಗನವಾಡಿ, ಶಾಲೆಗಳಲ್ಲಿ ಮಕ್ಕಳನ್ನು ತಪಾಸಣೆಮಾಡಿ ಮುಂದಿನ ಚಿಕಿತ್ಸೆಗೆ ಕಳುಹಿಸುವ ಏರ್ಪಾಟು. ಮಾತು, ನುಂಗುವಿಕೆಗಳ ತೊಂದರೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪರಿಣತರ ನೆರವು ದೊರೆಯುತ್ತದೆ.

ಇನ್ನು ಅತ್ಯಂತ ಗಂಭೀರವಾದ ಬಗೆಯನ್ನು ವಿಚಾರಿಸೋಣ. ನಿನ್ನೆಯವರೆಗೆ ಚೆನ್ನಾಗಿದ್ದ ಮಗುವಿನ ಬಾಯಲ್ಲಿ ಇದ್ದಕ್ಕಿದ್ದಂತೆ ಜೊಲ್ಲು ಧಾರೆಯಾಗಿ ಹರಿದರೆ ಗಳಿಗೆಗಳನ್ನು ಎಣಿಸಬೇಕಾಗುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರುಂಡ ಸಿಂಧನೂರಿನ ಬತ್ತದ ಗದ್ದೆಗಳಲ್ಲಿಯೂ, ಮಸ್ಕಿ, ಲಿಂಗಸುಗೂರುಗಳ ಎರೆಹೊಲಗಳ ಹತ್ತಿಯಲ್ಲಿಯೂ ಕೀಟನಾಶಕ ಸಿಂಪಡಿಸುವುದು ವಾಡಿಕೆಯ ಕೆಲಸ. ರೈತರು ಅದನ್ನು 'ಎಣ್ಣೆ ಹೊಡೆಯುವುದು' ಎನ್ನುತ್ತಾರೆ. ಆ ಎಣ್ಣೆಯ ಡಬ್ಬಿ ಮನೆಯ ಮೂಲೆಯಲ್ಲಿ ಅಡುಗೆಯ ಎಣ್ಣೆಯ ನೆರೆಯಲ್ಲಿಯೇ ಕುಳಿತಿದ್ದರೆ, ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಅದು ಮೃತ್ಯುವಾಗಬಲ್ಲುದು. ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮುಂತಾದವು ಸಾವಯವ ರಂಜಕ ವರ್ಗದ ವಿಷಗಳು. ನರದ ತುದಿಯಲ್ಲಿ ಅಸಿಟೈಲ್‌ಕೋಲಿನ್ ಎಂಬ ದ್ರವ್ಯ ಗ್ರಂಥಿಗೆ ಸ್ರವಿಸೆಂದು ಆಜ್ಞೆ ಮುಟ್ಟಿಸುತ್ತದೆ. ಒಂದು ಕಿಣ್ವ ತಕ್ಷಣವೇ ಅದನ್ನು ಒಡೆದು ಆಜ್ಞೆಯನ್ನು ಕೊನೆಗಾಣಿಸುತ್ತದೆ. ವಿಷವು ಈ ಕಿಣ್ವವನ್ನೇ ಕಟ್ಟಿಹಾಕುವುದರಿಂದ ಆಜ್ಞೆ ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು, ಬೆವರು ಒಟ್ಟಿಗೆ ಹರಿಯುತ್ತವೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗುತ್ತದೆ. ವಾಂತಿ, ಭೇದಿ, ಸ್ನಾಯುಗಳ ಅದುರು ಕಾಣಿಸಿಕೊಳ್ಳುತ್ತವೆ. ಉಸಿರಿನ ದಾರಿಯೂ ದ್ರವದಿಂದ ತುಂಬುತ್ತದೆ. ವಾಂತಿ ಮಾಡಿಸಲು ಯತ್ನಿಸದೆ, ತೊಯ್ದ ಬಟ್ಟೆ ಕಳಚಿ ಮೈಯನ್ನು ಸಾಬೂನಿನಿಂದ ತೊಳೆದು, ತಡಮಾಡದೆ ಡಬ್ಬಿಯ ಸಮೇತ ಆಸ್ಪತ್ರೆಗೆ ಒಯ್ಯಬೇಕು. ಅಟ್ರೋಪಿನ್ ಚುಚ್ಚುಮದ್ದು ಪ್ರಾಣವನ್ನು ಉಳಿಸಬಲ್ಲುದು.

ಮುದಗಲ್ಲಿನ ಸುತ್ತಲಿನ ಕಲ್ಲುನೆಲದಲ್ಲಿ ಇನ್ನೊಂದು ಕಾರಣವನ್ನೂ ನೆನೆಯಬೇಕು. ದಖನ್ನಿನ ಕೆಂಪು ಚೇಳು ಕುಟುಕಿದ ಮಗು ತನ್ನ ನೋವನ್ನು ಹೇಳಲಾರದು. ಅಳು, ವಾಂತಿ, ಧಾರಾಕಾರ ಬೆವರು, ಜೊಲ್ಲು, ತಣ್ಣಗಾದ ಕೈಕಾಲುಗಳೇ ಅದರ ಭಾಷೆ. ಇಲ್ಲಿ ಹೃದಯಕ್ಕೆ ಘಾತವಾಗುವ ಭಯವಿದೆ. ಮಹಾರಾಷ್ಟ್ರದ ಮಹಾಡಿನಲ್ಲಿ ವೈದ್ಯರಾದ ಹಿಮ್ಮತರಾವ್ ಬಾವಸ್ಕರ್ ಅವರು 1980ರ ದಶಕದಲ್ಲಿ ಪ್ರಾಜೋಸಿನ್ ಎಂಬ ಮಾತ್ರೆಯ ಉಪಯೋಗವನ್ನು ತೋರಿಸಿಕೊಟ್ಟ ಮೇಲೆ ಇಂಥ ಸಾವುಗಳು ಬಹುಮಟ್ಟಿಗೆ ತಗ್ಗಿದವು. ಮಂತ್ರ ಹಾಕಿಸುವುದರಲ್ಲಿ ಕಳೆದ ಹೊತ್ತು ಮರಳಿ ಬಾರದು. ನಾಣ್ಯವನ್ನಾಗಲಿ ಆಟಿಕೆಯ ಗುಂಡಿಬ್ಯಾಟರಿಯನ್ನಾಗಲಿ ನುಂಗಿದ ಮಗುವೂ ಹೀಗೆಯೇ ಹಠಾತ್ತನೆ ಜೊಲ್ಲು ಸುರಿಸುತ್ತ ಆಹಾರವನ್ನು ಒಲ್ಲೆನ್ನುತ್ತದೆ. ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಮುದಗಲ್ಲಿಗೆ ರಾಯಚೂರು ನೂರು ಕಿಲೊಮೀಟರಿಗೂ ಮಿಕ್ಕಿ ದೂರ. ಆದುದರಿಂದ ಜಿಲ್ಲಾಕೇಂದ್ರವನ್ನು ಕಾಯದೆ, ಮೊದಲ ಚಿಕಿತ್ಸೆಯನ್ನು ಹತ್ತಿರದ ಸರಕಾರಿ ಆಸ್ಪತ್ರೆಯಲ್ಲಿಯೇ ಪಡೆಯಬೇಕು, 108ನ್ನು ಕರೆಯಬೇಕು. ಈ ಹಳ್ಳಿಗಳಿಂದ ಬರುವ ವಿದ್ಯಾರ್ಥಿಗಳು ರಜೆಗೆ ಊರಿಗೆ ಹೋದಾಗ ಎರಡು ಕಾರ್ಯಗಳನ್ನು ಮಾಡಬಹುದು: 'ಎಣ್ಣೆ'ಯ ಡಬ್ಬಿಗೆ ಬೀಗದ ಸ್ಥಳವನ್ನು ಗೊತ್ತುಮಾಡುವುದು, ಜೊಲ್ಲು ಸುರಿಸುವ ದೊಡ್ಡ ಮಗುವೊಂದು ಓಣಿಯಲ್ಲಿದ್ದರೆ ಅದನ್ನು ತಪಾಸಣೆಗೆ ಕರೆದೊಯ್ಯಲು ತಾಯಿಗೆ ಜೊತೆಯಾಗುವುದು. ಜ್ಞಾನವು ಪುಸ್ತಕದಿಂದ ಹೊಸ್ತಿಲಿಗೆ ಇಳಿಯುವ ದಾರಿ ಇದೇ ಎಂದು ನಾವು ನಂಬಿದ್ದೇವೆ.