ನಿಲ್ಲಲೊಲ್ಲದ ಕಿಣ್ವ, ನಿಲ್ಲಿಸುವ ಗುಳಿಗೆ

ಎಡ ಪಕ್ಕೆಯ ಕೆಳಗೆ ಭಾರ. ಅರ್ಧ ರೊಟ್ಟಿ ತಿನ್ನುವಷ್ಟರಲ್ಲಿ ಹೊಟ್ಟೆ ತುಂಬಿದ ಹಾಗೆ. ಹೊಲಕ್ಕೆ ಹೋಗಿ ಬಂದರೆ ವಿಪರೀತ ಸುಸ್ತು, ರಾತ್ರಿ ಬೆವರು. ಮುಂಡರಗಿ ತಾಲ್ಲೂಕಿನಲ್ಲಿ ತುಂಗಭದ್ರೆಯ ದಂಡೆಗಿರುವ ಕೊರ್ಲಹಳ್ಳಿಯಂಥ ಊರಿನಲ್ಲಿ ಇಂಥ ತೊಂದರೆಯನ್ನು ಮೊದಲು ಗ್ಯಾಸ್ಟ್ರಿಕ್ ಎನ್ನುತ್ತಾರೆ, ಆಮೇಲೆ ರಕ್ತ ಕಡಿಮೆ ಎನ್ನುತ್ತಾರೆ. ಕಡೆಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿದಾಗ, 11,000ದೊಳಗೆ ಇರಬೇಕಾದ ಬಿಳಿ ರಕ್ತಕಣಗಳ ಎಣಿಕೆ 1 ಲಕ್ಷ ದಾಟಿರಬಹುದು. ಪಕ್ಕೆಯ ಭಾರಕ್ಕೆ ಕಾರಣ ಊದಿಕೊಂಡ ಗುಲ್ಮ. ಕಾಯಿಲೆ ಕ್ರಾನಿಕ್ ಮೈಲಾಯ್ಡ್ ಲ್ಯುಕೇಮಿಯಾ. ವೈದ್ಯರ ಬಾಯಲ್ಲಿ ಸಿಎಂಎಲ್, ಊರಿನವರ ಬಾಯಲ್ಲಿ ಬ್ಲಡ್ ಕ್ಯಾನ್ಸರ್. ಪಾಶ್ಚಾತ್ಯ ದೇಶಗಳಲ್ಲಿ ಇದು ಹೆಚ್ಚಾಗಿ 60ರ ಆಸುಪಾಸಿನವರಿಗೆ ಬರುತ್ತದೆ. ನಮ್ಮ ದೇಶದಲ್ಲಿ 35-40ರ, ಮನೆಯ ದುಡಿಮೆಯ ಭಾರ ಹೊತ್ತವರಿಗೇ ಹೆಚ್ಚು.

ಆ ಹೆಸರು ಕೇಳಿದೊಡನೆ ಮನೆಯವರು ಕೈಚೆಲ್ಲುತ್ತಾರೆ. ಕೈಚೆಲ್ಲಬೇಕಾಗಿಲ್ಲ. ಕ್ಯಾನ್ಸರ್‌ಗಳ ಪೈಕಿ ವಿಜ್ಞಾನ ಇಷ್ಟು ಚೊಕ್ಕವಾಗಿ ಅರ್ಥ ಮಾಡಿಕೊಂಡ ಇನ್ನೊಂದು ಸಿಗುವುದು ಕಷ್ಟ. ಇದರ ಬುಡದಲ್ಲಿರುವುದು ಕೆಟ್ಟುಹೋದ ಒಂದೇ ಒಂದು ಪ್ರೋಟೀನು.

ಆ ಪ್ರೋಟೀನು ಟೈರೋಸಿನ್ ಕೈನೇಸ್ ಎಂಬ ಕಿಣ್ವಗಳ ಕುಲಕ್ಕೆ ಸೇರಿದ್ದು. ನಮ್ಮ ಜೀವಕೋಶಗಳಲ್ಲಿ ಇಂಥವು ಸುಮಾರು 90 ಬಗೆ ಇವೆ. ಜೀವಕೋಶದ ಶಕ್ತಿಯ ಮೂಲವಾದ ಎಟಿಪಿ ಅಣುವಿನಿಂದ ಒಂದು ಫಾಸ್ಫೇಟ್ ಬಿಡಿಸಿಕೊಂಡು, ಬೇರೆ ಪ್ರೋಟೀನಿನಲ್ಲಿರುವ ಟೈರೋಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಸುವುದಷ್ಟೇ ಇವುಗಳ ಕೆಲಸ. ಅಂಟಿದೊಡನೆ ಆ ಪ್ರೋಟೀನು ಚುರುಕಾಗುತ್ತದೆ, ಮುಂದಿನದಕ್ಕೆ ಸುದ್ದಿ ಮುಟ್ಟಿಸುತ್ತದೆ. ಕೋಶ ಬೆಳೆಯಬೇಕೆ, ಒಡೆದು ಎರಡಾಗಬೇಕೆ, ಸಾಯಬೇಕೆ ಎಂಬ ತೀರ್ಮಾನಗಳು ಬಹುಮಟ್ಟಿಗೆ ಈ ಸುದ್ದಿಯ ಮೇಲೆಯೇ ನಿಂತಿವೆ.

ಇಷ್ಟು ದೊಡ್ಡ ಸಂಗತಿ 1979ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಫಾಸ್ಫೇಟ್ ಅಂಟುವುದು ಸೆರಿನ್ ಮತ್ತು ಥ್ರಿಯೋನಿನ್ ಎಂಬ ಎರಡು ಅಮೈನೋ ಆಮ್ಲಗಳಿಗೆ ಮಾತ್ರ ಎಂದು ಎಲ್ಲರೂ ನಂಬಿದ್ದರು. ಅಮೆರಿಕದ ಸಾಲ್ಕ್ ಸಂಸ್ಥೆಯಲ್ಲಿ ಟೋನಿ ಹಂಟರ್ ಅಮೈನೋ ಆಮ್ಲಗಳನ್ನು ಬೇರ್ಪಡಿಸುವ ಪರೀಕ್ಷೆಗೆ ಹೊಸ ದ್ರಾವಣ ಮಾಡಿಕೊಳ್ಳದೆ ಹಳೆಯದನ್ನೇ ಬಳಸಿದರು. ಬಳಸಿ ಬಳಸಿ ಅದರ ಪಿಎಚ್ 1.9ರಿಂದ 1.7ಕ್ಕೆ ಇಳಿದಿತ್ತು. ಅಷ್ಟು ಅಲ್ಪ ವ್ಯತ್ಯಾಸಕ್ಕೇ, ಅಲ್ಲಿಯವರೆಗೆ ಥ್ರಿಯೋನಿನ್ ಜೊತೆ ಬೆರೆತು ಒಂದೇ ಆಗಿ ಕಾಣುತ್ತಿದ್ದ ಕಲೆ ಎರಡಾಗಿ ಬೇರ್ಪಟ್ಟಿತು. ಎರಡನೆಯದು ಫಾಸ್ಫೇಟ್ ಅಂಟಿದ ಟೈರೋಸಿನ್.

ಸಿಎಂಎಲ್‌ನ ಕಥೆ ಅದಕ್ಕೂ ಹಳೆಯದು. 1960ರಲ್ಲಿ ಫಿಲಡೆಲ್ಫಿಯಾದ ಪೀಟರ್ ನೊವೆಲ್ ಮತ್ತು ಡೇವಿಡ್ ಹಂಗರ್‌ಫರ್ಡ್ ಈ ರೋಗಿಗಳ ರಕ್ತಕಣಗಳಲ್ಲಿ ತೀರಾ ಗಿಡ್ಡನೆಯ ಒಂದು ವರ್ಣತಂತುವನ್ನು ಕಂಡರು. 1973ರಲ್ಲಿ ಜಾನೆಟ್ ರೌಲಿ ಅದರ ಗುಟ್ಟು ಬಿಡಿಸಿದರು: 9ನೆಯ ಮತ್ತು 22ನೆಯ ವರ್ಣತಂತುಗಳು ತುಂಡಾಗಿ, ತುದಿಗಳು ಅದಲುಬದಲಾಗಿವೆ. 9ರಲ್ಲಿದ್ದ ಎಬಿಎಲ್ ಎಂಬ ಕೈನೇಸ್‌ನ ಜೀನು 22ರಲ್ಲಿದ್ದ ಬಿಸಿಆರ್ ಜೀನಿಗೆ ಬೆಸೆದುಕೊಂಡಿದೆ ಎಂಬುದು ಆಮೇಲೆ ತಿಳಿಯಿತು.

ಸರಿಯಿದ್ದಾಗ ಎಬಿಎಲ್ ಸಂಯಮಿ. ಡಿಎನ್‌ಎಗೆ ಪೆಟ್ಟಾದಾಗ ಸ್ಪಂದಿಸುವುದು, ಕೋಶದ ಒಳಹಂದರವನ್ನು ಮರುಜೋಡಿಸುವುದು ಅದರ ಕೆಲಸಗಳು. ಕೆಲಸವಿಲ್ಲದಾಗ ತನ್ನನ್ನು ತಾನೇ ತಡೆದುಕೊಂಡಿರುತ್ತದೆ: ಅದರ ತುದಿಯಲ್ಲಿರುವ ಕೊಬ್ಬಿನ ಪುಟ್ಟ ಎಳೆ ಹಿಂದಕ್ಕೆ ಬಾಗಿ, ಅದೇ ಪ್ರೋಟೀನಿನ ಒಂದು ಕುಳಿಯೊಳಗೆ ಕೂತು ಇಡೀ ಅಣುವನ್ನು ಬಿಗಿಹಿಡಿಯುತ್ತದೆ. ಬಿಸಿಆರ್ ಜೊತೆ ಬೆಸೆದುಕೊಂಡಾಗ ಕಳೆದುಹೋಗುವುದು ಆ ತುದಿಯೇ. ಸಾಲದ್ದಕ್ಕೆ ಬಿಸಿಆರ್ ತುಣುಕು ನಾಲ್ಕು ನಾಲ್ಕು ಅಣುಗಳನ್ನು ಒಟ್ಟುಗೂಡಿಸಿ ಒಂದರಿಂದ ಇನ್ನೊಂದು ಕೆರಳುವಂತೆ ಮಾಡುತ್ತದೆ. ಹೊಳೆದಂಡೆಯ ಪಂಪ್‌ಸೆಟ್ಟಿನ ಸ್ಟಾರ್ಟರ್‌ನಲ್ಲಿ ಕೆಂಪು ಗುಂಡಿಯೇ ಕಿತ್ತುಹೋಗಿ, ಬೆಳೆ ಕೊಳೆತರೂ ಮೋಟರು ನಿಲ್ಲದ ಸ್ಥಿತಿ ಇದು. ಮಜ್ಜೆಯ ಒಂದು ಕೋಶದಲ್ಲಿ ಆದ ಈ ಎಡವಟ್ಟಿನಿಂದ ಬಿಳಿ ಕಣಗಳು ಲಕ್ಷಗಟ್ಟಲೆ ಹುಟ್ಟುತ್ತಲೇ ಹೋಗುತ್ತವೆ.

ಇಲ್ಲೊಂದು ಮಾತು ಬಿಡಿಸಿ ಹೇಳಬೇಕು. ವರ್ಣತಂತುಗಳ ಈ ಅದಲುಬದಲು ಹುಟ್ಟಿದ ಮೇಲೆ ಆದದ್ದು. ತಂದೆತಾಯಿಯಿಂದ ಬಂದದ್ದಲ್ಲ, ಮಕ್ಕಳಿಗೆ ಹೋಗುವುದೂ ಇಲ್ಲ. ಮುಟ್ಟಿದರೆ ಅಂಟುವುದಿಲ್ಲ. ಮಗಳ ಸಂಬಂಧ ತಪ್ಪೀತೆಂದು ಅಪ್ಪನ ಕಾಯಿಲೆ ಮುಚ್ಚಿಡುವ ಮನೆಗಳು ಇದನ್ನು ತಿಳಿಯಬೇಕು.

ಕೆಟ್ಟ ಕಿಣ್ವ ಯಾವುದೆಂದು ಗೊತ್ತಾದ ಮೇಲೆ ಅದನ್ನಷ್ಟೇ ಹಿಡಿಯುವ ಔಷಧಿ ಹುಡುಕಬಹುದಲ್ಲ? ಸ್ವಿಟ್ಜರ್ಲೆಂಡಿನ ಸಿಬಾ-ಗೈಗಿ ಕಂಪನಿಯ ನಿಕೋಲಸ್ ಲೈಡನ್, ಯೂರ್ಗ್ ಝಿಮ್ಮರ್‌ಮನ್, ಅಮೆರಿಕದ ವೈದ್ಯ ಬ್ರಯನ್ ಡ್ರೂಕರ್ ಅದನ್ನೇ ಮಾಡಿದರು. ಎಟಿಪಿ ಕೂರುವ ಜಾಗದಲ್ಲಿ ತಾನು ಕೂತು ಫಾಸ್ಫೇಟ್ ಸಿಗದಂತೆ ಮಾಡುವ ಆ ಅಣುವೇ ಇಮ್ಯಾಟಿನಿಬ್. 1998ರಲ್ಲಿ ಶುರುವಾದ ಮೊದಲ ಪ್ರಯೋಗದಲ್ಲಿ, ದಿನಕ್ಕೆ 300 ಮಿಲಿಗ್ರಾಂ ಅಥವಾ ಹೆಚ್ಚು ಪಡೆದ 54 ರೋಗಿಗಳ ಪೈಕಿ 53 ಮಂದಿಯ ರಕ್ತದ ಎಣಿಕೆ ಸಹಜಕ್ಕೆ ಬಂತು. 2001ರ ಮೇ ತಿಂಗಳಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಮುಂದೆ ದೊಡ್ಡ ಪ್ರಯೋಗವೊಂದರಲ್ಲಿ ಇದನ್ನು ಪಡೆದವರಲ್ಲಿ ಶೇ. 83ರಷ್ಟು ಜನ ಹತ್ತು ವರ್ಷದ ನಂತರವೂ ಬದುಕಿದ್ದರು.

ಭಾರತದಲ್ಲಿ ಬೆಲೆಯದೇ ತೊಡಕಾಯಿತು. ನೊವಾರ್ಟಿಸ್ ಕಂಪನಿ ಗ್ಲಿವೆಕ್ ಎಂಬ ಹೆಸರಿನಲ್ಲಿ ಮಾರುತ್ತಿದ್ದ ಇಮ್ಯಾಟಿನಿಬ್‌ಗೆ ತಿಂಗಳಿಗೆ ಸುಮಾರು 1,20,000 ರೂಪಾಯಿ ಆಗುತ್ತಿತ್ತು. ಕಂಪನಿ ಅನೇಕರಿಗೆ ಉಚಿತವಾಗಿಯೂ ಕೊಟ್ಟಿತು, ಅದನ್ನು ಮರೆಯಬಾರದು. ಆದರೆ ಅದೇ ಔಷಧಿಯನ್ನು ಇಲ್ಲಿನ ಕಂಪನಿಗಳು 8-10 ಸಾವಿರಕ್ಕೆ ಮಾಡುತ್ತಿದ್ದವು. ಹಳೆಯ ಅಣುವಿನ ಹೊಸ ಹರಳು ರೂಪಕ್ಕೆ ನೊವಾರ್ಟಿಸ್ ಕೇಳಿದ್ದ ಪೇಟೆಂಟ್ ಸಲ್ಲದೆಂದು ಸುಪ್ರೀಂ ಕೋರ್ಟ್ 2013ರ ಏಪ್ರಿಲ್ 1ರಂದು ತೀರ್ಪಿತ್ತಿತು. ನನ್ನ ಮಟ್ಟಿಗೆ, ಈ ಔಷಧಿಯ ಚರಿತ್ರೆಯಲ್ಲಿ ಆ ದಿನಕ್ಕೆ ಪ್ರಯೋಗಶಾಲೆಯ ಯಾವ ದಿನಕ್ಕೂ ಕಡಿಮೆಯಿಲ್ಲದ ಸ್ಥಾನವಿದೆ.

ಇದೇ ಕುಲದ ಬೇರೆ ಕಿಣ್ವಗಳಿಗೂ ಮದ್ದು ಬಂದಿದೆ. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಕೆರಳುವ ಹರ್2 ಕಿಣ್ವವನ್ನು ತಡೆಯುವ ಔಷಧಿ ಟ್ರಾಸ್ಟುಝುಮ್ಯಾಬ್‌ನ ಸಮರೂಪವನ್ನು ನಮ್ಮ ಬೆಂಗಳೂರಿನ ಬಯೋಕಾನ್ 2014ರಲ್ಲಿ ಮಾರುಕಟ್ಟೆಗೆ ತಂದಿತು.

ಸಿಎಂಎಲ್‌ನ ಕಿಣ್ವವೂ ಸುಮ್ಮನಿರುವುದಿಲ್ಲ. 315ನೇ ಸ್ಥಾನದ ಥ್ರಿಯೋನಿನ್ ಹೋಗಿ ಐಸೊಲ್ಯೂಸಿನ್ ಬಂದರೆ ಇಮ್ಯಾಟಿನಿಬ್‌ಗೆ ಕೂರಲು ಜಾಗವಿಲ್ಲ. ಅದಕ್ಕೆಂದೇ ಪೊನಾಟಿನಿಬ್ ಬಂತು. 2021ರಲ್ಲಿ ಒಪ್ಪಿಗೆ ಪಡೆದ ಆಸಿಮಿನಿಬ್ ಇನ್ನೂ ಜಾಣ: ಕಳೆದುಹೋದ ಕೊಬ್ಬಿನ ಎಳೆ ಕೂರುತ್ತಿದ್ದ ಅದೇ ಕುಳಿಯಲ್ಲಿ ಹೋಗಿ ಕೂತು, ಪ್ರೋಟೀನಿನ ಹಳೆಯ ತಡೆಯನ್ನೇ ಮರಳಿಸುತ್ತದೆ.

ಇಷ್ಟೆಲ್ಲ ವಿಜ್ಞಾನ ಕಡೆಗೆ ನಿಂತಿರುವುದು ದಿನದ ಗುಳಿಗೆಯ ಮೇಲೆ. ಲಂಡನ್ನಿನಲ್ಲಿ 87 ರೋಗಿಗಳ ಔಷಧಿ ಬಾಟಲಿಯ ಮುಚ್ಚಳದಲ್ಲಿ, ತೆರೆದದ್ದನ್ನು ದಾಖಲಿಸುವ ಪುಟ್ಟ ಚಿಪ್ ಇಟ್ಟು ನೋಡಿ 2010ರಲ್ಲಿ ವರದಿ ಮಾಡಿದರು. ಶೇ. 90ಕ್ಕಿಂತ ಹೆಚ್ಚು ಗುಳಿಗೆ ನುಂಗಿದವರಲ್ಲಿ, ಬಿಸಿಆರ್-ಎಬಿಎಲ್ ಸಾವಿರದ ಒಂದು ಪಾಲಿಗೆ ಇಳಿಯುವ ಸಾಧ್ಯತೆ ಶೇ. 94, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇ. 28. ಅಂದರೆ ತಿಂಗಳಿಗೆ ಮೂರು ದಿನ ತಪ್ಪಿಸಿದರೆ ಸಾಕು, ಅಂಚಿಗೆ ಬಂದ ಹಾಗೆ. ಸುಗ್ಗಿಯ ಗಡಿಬಿಡಿ, ಜಾತ್ರೆ, ಮದುವೆ ಏನೇ ಇರಲಿ, ಊಟದ ನಂತರ ದೊಡ್ಡ ಲೋಟ ನೀರಿನೊಂದಿಗೆ ಗುಳಿಗೆ ನುಂಗಿ. ಕಣ್ಣಿನ ಸುತ್ತ ಬಾವು, ಕಾಲು ಸೆಳೆತ ಬಂದರೆ ನಿಲ್ಲಿಸದೆ ವೈದ್ಯರಿಗೆ ಹೇಳಿ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ಬೆಂಗಳೂರಿನ ಕಿದ್ವಾಯಿಗೋ ಹೋಗುವವರು, ಇರುವ ಗುಳಿಗೆ ಮುಗಿಯುವುದಕ್ಕೆ ಒಂದು ವಾರ ಮೊದಲೇ ಬಸ್ಸು ಹತ್ತಿ.