ಉಮರ್ಗಾದ ಕೌದಿ: ಮುಗಿದ ಹೊದಿಕೆಗೆ ಹೊಲಿದವಳ ಹೆಸರು ಬೇಡವೇ?

ಸೋಲಾಪುರದಿಂದ ಹೈದರಾಬಾದ್ ಕಡೆಗೆ ಹೋಗುವ ಹೆದ್ದಾರಿಯಲ್ಲಿ, ಕರ್ನಾಟಕದ ಗಡಿ ಬರುವ ಮೊದಲು ಸಿಗುವ ಊರು ಉಮರ್ಗಾ. ಅಲ್ಲಿಂದ ಈಶಾನ್ಯಕ್ಕೆ ಹೋದರೆ ನಿಲಂಗಾ, ಇನ್ನೂ ಮುಂದೆ ಹೋದರೆ ಉದಗೀರ್. ಉಮರ್ಗಾ ಇವತ್ತು ಧಾರಾಶಿವ್ (ಹಿಂದಿನ ಉಸ್ಮಾನಾಬಾದ್) ಜಿಲ್ಲೆಯಲ್ಲಿದೆ, ಉಳಿದೆರಡು ಲಾತೂರ್ ಜಿಲ್ಲೆಯಲ್ಲಿವೆ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವ ತನಕ ನಿಲಂಗಾ ಮತ್ತು ಉದಗೀರ್ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಗೆ ಸೇರಿದ್ದವು. ಹಾಗಾಗಿ ಅಲ್ಲಿ ಮರಾಠಿ, ಕನ್ನಡ, ದಖ್ನಿ ಉರ್ದು ಮೂರೂ ಒಂದೇ ಬೀದಿಯಲ್ಲಿ ಕೇಳ್ತವೆ.

ಆ ಕಡೆ ಚಳಿಗಾಲದ ರಾತ್ರಿ ನಮ್ಮ ಕರಾವಳಿಯ ಹಾಗಲ್ಲ. ತೆಳ್ಳಗಿನ ಬೆಡ್‌ಶೀಟು ಸಾಲುವುದಿಲ್ಲ. ಅದಕ್ಕೆ ಮನೆಮನೆಯಲ್ಲೂ ಹಳೆ ಬಟ್ಟೆಯಿಂದ ಕೈಯಲ್ಲೇ ಹೊಲಿದ ದಪ್ಪ ಹೊದಿಕೆ ಇರುತ್ತದೆ. ಕನ್ನಡ ಮಾತಾಡುವವರು ಅದನ್ನು ಕೌದಿ ಅಂತಾರೆ. ಮರಾಠಿಯವರಿಗೆ ಅದು ಗೋಧಡಿ ಅಥವಾ ವಾಕಳ, ದಖ್ನಿ ಮಾತಾಡುವ ಮುಸ್ಲಿಂ ಮನೆಗಳಲ್ಲಿ ಗುದಡಿ. ಹೆಸರು ಬೇರೆಯಾದರೂ ಹೊಲಿಗೆ ಬಹುಪಾಲು ಒಂದೇ.

ಈ ಹೊದಿಕೆಯ ಬಗ್ಗೆ ಕರಾವಳಿಯ ಓದುಗರು ಯಾಕೆ ತಿಳಿಯಬೇಕು? ಮನೆಯೊಳಗೆ ಕೂತು ಹೆಂಗಸರು ಮಾಡುವ ಕೆಲಸಕ್ಕೆ ಬೆಲೆ ಕಟ್ಟುವುದು ಹೇಗೆ ಎನ್ನುವ ಪ್ರಶ್ನೆ ನಮ್ಮಲ್ಲೂ ಇದೆ. ಆ ಪ್ರಶ್ನೆಗೆ ಕೌದಿಯಲ್ಲಿ ಒಂದು ಒಳ್ಳೆಯ ಪಾಠವಿದೆ.

ಕೌದಿ ಹೊಲಿಯುವುದು ಹೇಗೆ?

ಕೆಳಗೆ ಒಂದು ಹಳೆ ಸೀರೆ ಅಥವಾ ಧೋತರ ಹಾಸ್ತಾರೆ. ಅದರ ಮೇಲೆ ಸವೆದ ಬಟ್ಟೆಗಳನ್ನು ಪದರ ಪದರವಾಗಿ ಹರಡ್ತಾರೆ. ಎಲ್ಲಕ್ಕಿಂತ ಮೇಲೆ ಬರುವುದು ಸೀರೆಯ ಸೆರಗು, ರವಿಕೆಯ ತುಂಡು, ಮಕ್ಕಳ ಅಂಗಿ, ದರ್ಜಿ ಅಂಗಡಿಯಲ್ಲಿ ಉಳಿದ ಚೂರು. ಇವನ್ನು ಚೌಕ, ಪಟ್ಟಿ, ತ್ರಿಕೋನವಾಗಿ ಕತ್ತರಿಸಿ ಜೋಡಿಸ್ತಾರೆ. ಆಮೇಲೆ ದಪ್ಪ ಸೂಜಿ ಮತ್ತು ಗಟ್ಟಿ ನೂಲಿನಿಂದ ಎಲ್ಲಾ ಪದರಗಳೂ ಹಿಡಿಯುವಂತೆ ಸಾಲು ಸಾಲಾಗಿ ಹೊಲಿಯುತ್ತಾರೆ. ಸಾಲುಗಳು ಹತ್ತಿರವಿದ್ದಷ್ಟೂ ಕೌದಿ ಹೆಚ್ಚು ವರ್ಷ ಬಾಳುತ್ತದೆ. ಕೆಲವೆಡೆ ಕೊನೆಯ ಹೊಲಿಗೆ ಹಾಕುವ ಮೊದಲು ಒಳಗೆ ಒಂದು ಚೂರು ರೊಟ್ಟಿಯನ್ನೋ ಚಪಾತಿಯನ್ನೋ ಇಡುವ ಪದ್ಧತಿ ಇದೆ. ಕೌದಿಯ ಹೊಟ್ಟೆ ಖಾಲಿ ಇರಬಾರದು ಅನ್ನುವ ನಂಬಿಕೆ ಅದು.

ಹೊರದೇಶಗಳಲ್ಲಿ ಹೊಲಿಗೆ ಕಲಿಯುವವರು ಒಂದೇ ಹೊದಿಕೆಯ ಒಂದೊಂದು ಚೌಕದಲ್ಲೂ ಬೇರೆ ಬೇರೆ ವಿನ್ಯಾಸ ಹೊಲಿದು ಅಭ್ಯಾಸ ಮಾಡ್ತಾರೆ. ಅದಕ್ಕೆ ಸ್ಯಾಂಪ್ಲರ್ ಕ್ವಿಲ್ಟ್ ಅನ್ನುತ್ತಾರೆ. ಬಟ್ಟೆ ಅಂಗಡಿಯಲ್ಲಿ ತುಂಡು ತುಂಡು ಅಂಟಿಸಿದ ಸ್ಯಾಂಪಲ್ ಪುಸ್ತಕ ಇರುವುದಿಲ್ಲವೇ, ಹಾಗೆಯೇ. ಅದು ಮುಗಿದ ಮೇಲೆ ಒಬ್ಬರಿಗೊಬ್ಬರು ತೋರಿಸುವುದು ಅವರಿಗೆ ಹಬ್ಬದ ಹಾಗೆ. ಯಾವ ಚೌಕ ಕಷ್ಟವಾಯಿತು, ಯಾವ ಬಣ್ಣ ಹೊಂದಲಿಲ್ಲ ಎಂದು ಹೇಳಿಕೊಳ್ಳುತ್ತಾರೆ. ನೋಡಿದವರು ತಮಗೆ ಹಿಡಿಸಿದ್ದನ್ನು ಕಲಿತುಕೊಳ್ಳುತ್ತಾರೆ.

ಮರಾಠವಾಡದ ಹಳ್ಳಿಗಳಲ್ಲಿ ಈ ಕೆಲಸ ಹೆಸರಿಲ್ಲದೆಯೇ ನಡೆದುಕೊಂಡು ಬಂದಿದೆ. ನವರಾತ್ರಿಯ ಮೊದಲು ಹಿಂದೂ ಮನೆಗಳಲ್ಲಿ ಹಾಸಿಗೆ, ಹೊದಿಕೆ ಎಲ್ಲವನ್ನೂ ಒಗೆಯುವ ರೂಢಿ ಇದೆ. ಆಗ ಹಳ್ಳದ ದಂಡೆ, ಬೇಲಿ, ಮಾಳಿಗೆ ಎಲ್ಲಿ ನೋಡಿದರೂ ಕೌದಿಯೇ. ಒಬ್ಬಳ ಹೊಲಿಗೆ ಇನ್ನೊಬ್ಬಳ ಕಣ್ಣಿಗೆ ಬೀಳುವುದು ಇಂತಹ ಹೊತ್ತಿನಲ್ಲಿ. ಇದಕ್ಕೆ ಟಿಕೆಟ್ ಇಲ್ಲ, ವೇದಿಕೆ ಇಲ್ಲ. ಆದರೆ ನೋಡುವವರಿಗೆ ಯಾವ ಕೌದಿ ಯಾರದ್ದು ಅಂತ ಗೊತ್ತಿರುತ್ತದೆ. ಊರು ದಾಟಿದ ಮೇಲೆ ಆ ಗುರುತು ಉಳಿಯುವುದಿಲ್ಲ.

ತೇಪೆಗೆ ನಾಚಿಕೆ ಯಾಕೆ?

ತೇಪೆ ಹಾಕಿದ ಬಟ್ಟೆ ಎಂದರೆ ಬಡತನದ ಗುರುತು ಅಂತ ಇವತ್ತಿನ ಎಷ್ಟೋ ಯುವಕರು ತಿಳಿದಿದ್ದಾರೆ. ಪ್ರವಾದಿ ಮುಹಮ್ಮದ್ (ಸ) ಮನೆಯಲ್ಲಿ ತಮ್ಮ ಬಟ್ಟೆಯನ್ನು ತಾವೇ ಹೊಲಿದುಕೊಳ್ಳುತ್ತಿದ್ದರು, ಚಪ್ಪಲಿಯನ್ನು ತಾವೇ ಸರಿಮಾಡಿಕೊಳ್ಳುತ್ತಿದ್ದರು ಎಂದು ಆಯಿಶಾ (ರ) ಅವರ ವರದಿಯಿಂದ ತಿಳಿಯುತ್ತದೆ. ಖಲೀಫ ಉಮರ್ (ರ) ತೇಪೆ ಹಾಕಿದ ಉಡುಪು ತೊಡುತ್ತಿದ್ದ ವಿಷಯವನ್ನು ಮದ್ರಸದಲ್ಲಿ ಕೇಳದವರು ಕಡಿಮೆ. ಇದ್ದುದನ್ನು ವ್ಯರ್ಥ ಮಾಡಬೇಡಿ ಎಂದು ನಮ್ಮ ದೀನ್ ಕಲಿಸುವ ಮಾತನ್ನು ಕೌದಿ ಕೈಕೆಲಸದಲ್ಲಿ ಮಾಡಿ ತೋರಿಸುತ್ತದೆ.

ಲೆಕ್ಕ ಎಲ್ಲಿ ತಪ್ಪುತ್ತದೆ?

ಈಗ ಸ್ವಲ್ಪ ಲೆಕ್ಕ ಹಾಕಿ ನೋಡುವ. ಒಬ್ಬ ಮಹಿಳೆ ಮನೆಕೆಲಸದ ನಡುವೆ ದಿನಕ್ಕೆ 3 ಗಂಟೆಯಂತೆ 20 ದಿನ ಕೂತು ಒಂದು ಕೌದಿ ಮುಗಿಸಿದಳು ಅಂತ ಇಟ್ಟುಕೊಳ್ಳಿ. ಒಟ್ಟು 60 ಗಂಟೆ. ಗಂಟೆಗೆ ಬರೇ 50 ರೂಪಾಯಿ ಹಿಡಿದರೂ ಕೂಲಿಯೇ 3,000 ರೂಪಾಯಿ ಆಯಿತು. ನೂಲು, ಸೂಜಿ, ಅಡಿಬಟ್ಟೆಗೆ 300 ಸೇರಿಸಿದರೆ ಅಸಲು 3,300. ಇದರಲ್ಲಿ ಲಾಭ ಇನ್ನೂ ಸೇರಿಲ್ಲ.

ಆದರೆ ಕೊಳ್ಳುವವ ಹೇಳುವುದು, ‘ಹಳೆ ಬಟ್ಟೆ ತಾನೇ, ಇದಕ್ಕೆಂತ ಅಷ್ಟು ರೇಟು?’ ಅಂತ. ಅವನ ಕಣ್ಣಿಗೆ ಬಟ್ಟೆ ಮಾತ್ರ ಕಾಣುತ್ತದೆ, ಗಂಟೆ ಕಾಣುವುದಿಲ್ಲ. ಪೇಟೆಯಲ್ಲಿ ಕೆಲವು ನೂರು ರೂಪಾಯಿಗೆ ರಗ್ಗು ಸಿಗುವಾಗ ಅವನ ಮಾತು ಸರಿ ಅನ್ನಿಸಲೂಬಹುದು. ತಮಾಷೆ ಎಂದರೆ, ಹರ್ಯಾಣದ ಪಾಣಿಪತ್‌ನಲ್ಲಿ ಹಳೆ ಬಟ್ಟೆಗಳನ್ನು ಚಿಂದಿ ಮಾಡಿ ನೂಲು ತೆಗೆದು ಅಗ್ಗದ ಕಂಬಳಿ ಮಾಡುವ ದೊಡ್ಡ ಉದ್ಯಮವೇ ಇದೆ. ಹಳೆ ಬಟ್ಟೆಯಿಂದ ಕಾರ್ಖಾನೆ ಮಾಡಿದರೆ ಅದು ಮಾಲು, ಹೆಂಗಸು ಮಾಡಿದರೆ ಪುರುಸೊತ್ತಿನ ಕೆಲಸ!

ದಕ್ಷಿಣ ಕನ್ನಡದ ಮನೆಗಳಿಗೆ ಇದು ಬೇಗ ಅರ್ಥ ಆಗ್ತದೆ. ನಮ್ಮ ಎಷ್ಟೋ ತಾಯಂದಿರು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಬೀಡಿಯ ಕೂಲಿ ಯಾವತ್ತೂ ಸಾಲಲಿಲ್ಲ ಎನ್ನುವುದು ನಿಜ. ಆದರೂ ಸಾವಿರಕ್ಕೆ ಇಷ್ಟು ಅನ್ನುವ ಎಣಿಕೆ ಇತ್ತು, ಪಾಸ್‌ಬುಕ್ ಇತ್ತು, 1966ರ ಬೀಡಿ ಕಾರ್ಮಿಕರ ಕಾಯ್ದೆಯಲ್ಲಿ ಮನೆಯಲ್ಲಿ ಕೂತು ಕಟ್ಟುವವರನ್ನೂ ಕಾರ್ಮಿಕರು ಎಂದು ಗುರುತಿಸಲಾಯಿತು. ಕೌದಿಗೆ ಅಷ್ಟು ಎಣಿಕೆಯೂ ಇಲ್ಲ.

ಸಿದ್ದಿ ಮಹಿಳೆಯರ ಕವಂದಿ

ಹಾಗಾದರೆ ಊರಿನ ಹೊರಗೆ ತೋರಿಸಿದರೆ ಬೆಲೆ ಬರುತ್ತದೆಯೇ? ಇದಕ್ಕೆ ಉತ್ತರ ನಮ್ಮ ಪಕ್ಕದ ಉತ್ತರ ಕನ್ನಡದಲ್ಲೇ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲೂಕುಗಳಲ್ಲಿ ಆಫ್ರಿಕಾ ಮೂಲದ ಸಿದ್ದಿಗಳಿದ್ದಾರೆ. ಅವರಲ್ಲಿ ಮುಸ್ಲಿಮರು, ಕ್ರೈಸ್ತರು, ಹಿಂದೂಗಳು ಮೂವರೂ ಇದ್ದಾರೆ. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ಸಿಕ್ಕಿತು.

ಅವರ ಹೊದಿಕೆಯ ಹೆಸರು ಕವಂದಿ. ಇದರ ಕ್ರಮ ಸ್ವಲ್ಪ ಬೇರೆ. ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಸುತ್ತ ತುಂಡು ಸೇರಿಸುತ್ತಾ, ಹೊಲಿಯುತ್ತಾ, ನಿಧಾನಕ್ಕೆ ನಡುವಿಗೆ ಬಂದು ಮುಗಿಸುತ್ತಾರೆ. ನಾಲ್ಕು ಮೂಲೆಗೂ ಬಟ್ಟೆ ಮಡಚಿ ಮಾಡಿದ ‘ಫೂಲ’ ಅಂದರೆ ಹೂವು ಇರಲೇಬೇಕು, ಇಲ್ಲದಿದ್ದರೆ ಕವಂದಿ ಅಪೂರ್ಣ. ಮುಸ್ಲಿಂ ಸಿದ್ದಿಗಳ ಕೆಲವು ಕವಂದಿಗಳಲ್ಲಿ ಅರ್ಧಚಂದ್ರ ಕಾಣಿಸಿದರೆ, ಕ್ರೈಸ್ತರ ಕೆಲವು ಕವಂದಿಗಳಲ್ಲಿ ಶಿಲುಬೆ ಕಾಣಿಸುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಅಧ್ಯಯನ ಮಾಡಿದರು. 2004ರಲ್ಲಿ ಸಿದ್ದಿ ಮಹಿಳೆಯರ ಹೊಲಿಗೆ ಸಹಕಾರ ಸಂಘ ಶುರುವಾಯಿತು. 2011ರಲ್ಲಿ ನ್ಯೂಯಾರ್ಕ್‌ನ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಇವತ್ತು ಹೊರದೇಶದ ಹೊಲಿಗೆಪ್ರಿಯರು ‘ಕವಂದಿ’ ಎಂಬ ಹೆಸರಲ್ಲೇ ಈ ವಿಧಾನ ಕಲಿತು, ತಾವು ಮುಗಿಸಿದ್ದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ಕಲಿಸಲು ಶುಲ್ಕದ ತರಗತಿಗಳೂ ಇವೆ.

ಖುಷಿಯ ವಿಷಯವೇ. ಆದರೆ ವಿದ್ಯೆ ಕೊಟ್ಟವರ ಹೆಸರು ವಿದ್ಯೆಯ ಜೊತೆ ಹೋಗಬೇಕಾದರೆ ಯಾರಾದರೂ ಅದನ್ನು ಬರೆದಿಡಬೇಕು. ಸಿದ್ದಿಗಳ ಹೊದಿಕೆ ಅವರ ಹೆಸರಿನ ಸಮೇತ ಹೋಯಿತು ಎಂಬುದೇ ದೊಡ್ಡದು. ಉಮರ್ಗಾ, ಉದಗೀರ್ ಕಡೆಯ ಎಷ್ಟೋ ಕೌದಿಗಳಿಗೆ ಆ ಭಾಗ್ಯ ಸಿಕ್ಕಿಲ್ಲ. ‘ಹಳ್ಳಿ ಹೊದಿಕೆ’ ಎಂಬ ಒಂದೇ ಪದದಲ್ಲಿ ಹೊಲಿದವಳ ಹೆಸರು, ಊರು ಎರಡೂ ಮುಳುಗಿ ಹೋಗ್ತವೆ.

ತೋರಿಸಿದರೆ ಸಾಕೇ?

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಗುಲಾಮರಾಗಿದ್ದವರ ವಂಶದ ಕಪ್ಪು ಮಹಿಳೆಯರು ಅಲ್ಲಿ ಹಳೆ ಕೆಲಸದ ಬಟ್ಟೆಗಳಿಂದ ಹೊದಿಕೆ ಹೊಲಿದು ಚಳಿ ಕಳೆಯುತ್ತಿದ್ದರು. 2002ರಲ್ಲಿ ಹ್ಯೂಸ್ಟನ್ ನಗರದ ಕಲಾ ಸಂಗ್ರಹಾಲಯದಲ್ಲಿ ಅವು ಪ್ರದರ್ಶನಕ್ಕೆ ಬಂದವು. 2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಅವುಗಳ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ಇಷ್ಟೆಲ್ಲ ಕೀರ್ತಿ ಬಂದ ಮೇಲೂ, ತಮಗೆ ಸಿಗಬೇಕಾದ ಪಾಲು ಸಿಗಲಿಲ್ಲವೆಂದು 2007ರಲ್ಲಿ ಕೆಲವು ಮಹಿಳೆಯರು ಕೋರ್ಟಿಗೆ ಹೋಗಬೇಕಾಯಿತು. ಆ ಪ್ರಕರಣಗಳು ಆಮೇಲೆ ರಾಜಿಯಲ್ಲಿ ಮುಗಿದವು. 2021ರಲ್ಲಿ ಗೀಸ್ ಬೆಂಡ್‌ನ ಕೆಲವು ಮಹಿಳೆಯರು ಎಟ್ಸಿ ಎಂಬ ಮಾರಾಟ ತಾಣದಲ್ಲಿ ತಮ್ಮದೇ ಹೆಸರಲ್ಲಿ ಅಂಗಡಿ ತೆರೆದು ನೇರವಾಗಿ ಮಾರಲು ಶುರು ಮಾಡಿದರು.

ಕೀರ್ತಿಯಿಂದ ಕೂಲಿಗೆ ಬರುವಾಗ ಸುಮಾರು 20 ವರ್ಷ ಹಿಡಿಯಿತು. ಅಂದರೆ ಮುಗಿದ ಹೊದಿಕೆಯನ್ನು ಹತ್ತು ಜನರಿಗೆ ತೋರಿಸುವುದು ಬೇಕು, ಆದರೆ ಅದು ಅರ್ಧ ಕೆಲಸ. ಹೆಸರು ಮತ್ತು ಲೆಕ್ಕ ಎರಡೂ ಹೊಲಿದವಳ ಕೈಯಲ್ಲೇ ಉಳಿದರೆ ಮಾತ್ರ ಕೆಲಸ ಪೂರ್ತಿ.

ಯುವಕರು ಏನು ಮಾಡಬಹುದು?

ಮೊಬೈಲ್ ಈಗ ಎಲ್ಲರ ಕೈಯಲ್ಲಿದೆ. ಗಡಿಭಾಗಕ್ಕೆ ವ್ಯಾಪಾರಕ್ಕೆಂದು ಹೋದಾಗ ಒಳ್ಳೆಯ ಕೌದಿ ಕಂಡರೆ ಫೋಟೋ ತೆಗೆಯುವ ಮೊದಲು ಮನೆಯವರ ಒಪ್ಪಿಗೆ ಕೇಳಿ. ಹೊಲಿದವರು ಒಪ್ಪಿದರೆ ಅವರ ಹೆಸರು, ಊರು, ಹಿಡಿದ ದಿನ ಬರೆದೇ ಹಂಚಿ. ಮುಖ ಅಥವಾ ಹೆಸರು ಬೇಡ ಎಂದರೆ ಊರಿನ ಹೆಸರಾದರೂ ಇರಲಿ. ಕೊಳ್ಳುವುದಾದರೆ ಗಂಟೆಯ ಲೆಕ್ಕ ಹಾಕಿ ಕೊಳ್ಳಿ. ಮಾರುವುದಾದರೆ ನಿಮ್ಮ ಕಮಿಷನ್ ಎಷ್ಟು ಎಂದು ಮೊದಲೇ ಹೇಳಿ. ವ್ಯಾಪಾರದಲ್ಲಿ ಬರ್ಕತ್ ಇರುವುದು ಮುಚ್ಚುಮರೆ ಇಲ್ಲದ ಅಳತೆಯಲ್ಲಿ.

ಎಲ್ಲಾ ಕೌದಿಯೂ ಮಾರಾಟಕ್ಕಲ್ಲ ಎನ್ನುವುದೂ ನೆನಪಿರಲಿ. ತೀರಿಕೊಂಡ ಉಮ್ಮನ ಸೀರೆ, ಮಗುವಿನ ಮೊದಲ ಅಂಗಿ ಸೇರಿಸಿ ಹೊಲಿದದ್ದಕ್ಕೆ ರೇಟು ಕೇಳಬಾರದು. ಅಂಥದ್ದನ್ನು ಹರಡಿ ತೋರಿಸಿದರೆ ನೋಡಿ, ಯಾವ ತುಂಡು ಯಾರದ್ದು ಎಂದು ಕೇಳಿ ತಿಳಿದುಕೊಳ್ಳಿ. ಮಾರಾಟಕ್ಕೆ ಇಟ್ಟ ಕೌದಿಯ ಮುಂದೆ ಮಾತ್ರ ಚೌಕಾಸಿಗೆ ಇಳಿಯುವ ಮೊದಲು ಅದರ ಸಾಲುಗಳನ್ನು ಒಮ್ಮೆ ಎಣಿಸಿ ನೋಡಿ.